ಮಸ್ಕತ್ತಿನಲ್ಲಿರುವ ಗೆಳೆಯನಿಗೆ, ಕಪ್ ಬಂದ ಮೇಲೆ

ಗೆಳೆಯಾ,

ಇದನ್ನು ನಿನಗೆ ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಆದರೆ ಉದ್ದದ ಮೆಸೇಜು ಬಂದರೆ ನೀನು ಓದೋದೇ ಇಲ್ಲ. ಒಂದು ಹೆಬ್ಬೆರಳು ತೋರಿಸಿ ಮುಗಿಸಿಬಿಡುತ್ತೀಯ. ನಾಲ್ಕು ಜನ ಓದುವ ಜಾಗದಲ್ಲಿ ಬರೆದರೆ ಉತ್ತರ ಕೊಡದೆ ಇರೋಕಾಗಲ್ಲ ಅಲ್ವಾ? ಅದಕ್ಕೇ ಇಲ್ಲಿ. ಹೆದರಬೇಡ, ಜೀಪಿನ ಹಾರ್ನ್ ವಿಷಯ ಎತ್ತುವುದಿಲ್ಲ. ಹಳದಿ ಟವೆಲ್ ವಿಷಯವೂ ಇಲ್ಲ.

ಇಲ್ಲಿ ಅರೇಬಿಕಾ ಕುಯ್ಲು ಅರ್ಧ ಮುಗಿದಿದೆ. ಕಣದಲ್ಲಿ ಜಾಗ ಸಾಲುತ್ತಿಲ್ಲ. ಮೋಡ ಕಂಡರೆ ಸಾಕು, ಎಲ್ಲರೂ ಟಾರ್ಪಾಲ್ ಹಿಡಿದು ಓಡುತ್ತೇವೆ. ಸೋಮವಾರಪೇಟೆ ನೀನು ಬಿಟ್ಟುಹೋದ ಹಾಗೇ ಇದೆ. ಸಂತೆ ಮಾತ್ರ ಬಣ್ಣ ಬದಲಾಯಿಸಿದೆ. ಎಲ್ಲಿ ನೋಡಿದರೂ ಆರ್‌ಸಿಬಿ ಜೆರ್ಸಿ. ಈರುಳ್ಳಿ ತೂಗುವ ಹುಡುಗ, ಒಣಮೀನಿನ ಅಂಗಡಿಯವನು, ಕಾಫಿ ಕುಯ್ಯೋಕೆ ಅಸ್ಸಾಮಿನಿಂದ ಬಂದ ಹುಡುಗರು, ಎಲ್ಲರ ಬೆನ್ನ ಮೇಲೂ ಕೊಹ್ಲಿಯ 18. ಐಪಿಎಲ್ ಕಪ್ ಗೆದ್ದು ತಿಂಗಳುಗಳೇ ಕಳೆದರೂ ಜೆರ್ಸಿ ಮೈಯಿಂದ ಇಳಿದಿಲ್ಲ.

ಅಂಗಡಿ ಬೆಂಚಿನಲ್ಲಿ ಕೂರುವ ನಮ್ಮ ಹಳೇ ಫ್ಯಾನ್‌ಗಳು, ಅದೇ ನಮ್ಮ ಬೆಂಚಿನವರು, ಅವರಿಗೆ ಇದನ್ನು ನೋಡಿ ಹೊಟ್ಟೆಯಲ್ಲಿ ಏನೋ ಸಂಕಟ. ಅಂಗಡಿಗೆ ಬಂದ ಹುಡುಗರನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ. 2009ರ ಫೈನಲ್ ಯಾವ ಊರಲ್ಲಿ ನಡೀತು? 49ಕ್ಕೆ ಆಲೌಟ್ ಆಗಿದ್ದು ಯಾರ ಎದುರು? ಮೊದಲ ಕ್ಯಾಪ್ಟನ್ ಯಾರು? ಉತ್ತರ ಬರದಿದ್ದರೆ ಮುಗಿಯಿತು. 'ಗೆದ್ದೆತ್ತಿನ ಬಾಲ ಹಿಡಿಯೋಕೆ ಬಂದವರು ಕಣ್ರೋ ನೀವು, ಇಷ್ಟು ವರ್ಷ ಎಲ್ಲಿದ್ರಿ?' ಅಂತ ಶುರುವಾಗುತ್ತದೆ. ಹೋದ ಸೋಮವಾರ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಹೇಳಿದ: 'ಅಣ್ಣಾ, ಆವಾಗ ನಾನು ಅಂಗನವಾಡಿಲಿದ್ದೆ.' ಬೆಂಚಿನವರಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಿನಗೂ ಆಗುತ್ತದೆ. ನಾವು ಶುರು ಮಾಡಿದ್ದೇ ಸೋಲಿನಿಂದ. 2008ರ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಮ್ಯಾಚು, ನಮ್ಮದೇ ಚಿನ್ನಸ್ವಾಮಿಯಲ್ಲಿ. ಕೋಲ್ಕತ್ತಾದ ಮೆಕಲಮ್ 158 ಹೊಡೆದು ಔಟಾಗದೆ ಉಳಿದ. ನಮ್ಮವರೆಲ್ಲ ಸೇರಿ ಹೊಡೆದದ್ದು 82. ಅವನೊಬ್ಬನ ರನ್ನಿನ ಅರ್ಧಕ್ಕಿಂತ ಮೂರು ಜಾಸ್ತಿ, ಅಷ್ಟೇ. ನಮ್ಮ ಕ್ಯಾಪ್ಟನ್ ದ್ರಾವಿಡ್ ಮುಖ ನೋಡೋಕಾಗದೆ ನೀನು ಎದ್ದು ಹೊರಗೆ ಹೋಗಿ ನಿಂತಿದ್ದೆ.

ಮರುವರ್ಷ ಜೋಹಾನ್ಸ್‌ಬರ್ಗ್‌ನಲ್ಲಿ ಫೈನಲ್. ಅನಿಲ್ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ತೆಗೆದರು. ಡೆಕ್ಕನ್ ಚಾರ್ಜರ್ಸ್ 143. ಅದನ್ನೂ ಹೊಡೆಯೋಕಾಗಲಿಲ್ಲ, ಆರು ರನ್‌ಗೆ ಸೋತೆವು. ಸೋತ ತಂಡದ ಕ್ಯಾಪ್ಟನ್‌ಗೆ ಪಂದ್ಯಶ್ರೇಷ್ಠ ಕೊಟ್ಟರು. ಕುಂಬ್ಳೆ ಅದನ್ನು ತಗೊಂಡ ರೀತಿ ನೆನಪಿದೆಯಾ? ಆವತ್ತು ಕೊನೆಯವರೆಗೂ ಕ್ರೀಸಿನಲ್ಲಿ ಇದ್ದದ್ದು ನಮ್ಮ ರಾಬಿನ್ ಉತ್ತಪ್ಪ. ಹಾಕಿ ಅಂಪೈರ್ ಒಬ್ಬರ ಮಗ, ಕೊಡಗಿನವನು. ಅವನು ಗೆಲ್ಲಿಸಿಬಿಡುತ್ತಾನೆ ಅಂತ ನೀನು ಕೊನೇ ಓವರ್ ಮುಗಿಯುವವರೆಗೂ ನಂಬಿದ್ದೆ. ನಾನು ನಂಬಿರಲಿಲ್ಲ. ನಮ್ಮಿಬ್ಬರ ಮಧ್ಯೆ ಯಾವಾಗಲೂ ಅಷ್ಟೇ ವ್ಯತ್ಯಾಸ.

2011ರ ಫೈನಲ್, ಚೆನ್ನೈಯಲ್ಲಿ 58 ರನ್ ಸೋಲು. ಮೊದಲ ಓವರ್‌ನಲ್ಲೇ ಅಶ್ವಿನ್ ಗೇಲ್‌ನನ್ನು ಸೊನ್ನೆಗೆ ಕಳಿಸಿದ. ಅದರ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ.

2016ರ ಬಗ್ಗೆ ಮಾತ್ರ ಹೇಳಲೇಬೇಕು. ಆ ಸೀಸನ್ನಿನಲ್ಲಿ ಕೊಹ್ಲಿ 973 ರನ್, ನಾಲ್ಕು ಸೆಂಚುರಿ. ಫೈನಲ್ ನಮ್ಮದೇ ಗ್ರೌಂಡಿನಲ್ಲಿ. ಹೈದರಾಬಾದ್ 208. ಗೇಲ್, ಕೊಹ್ಲಿ ಸೇರಿ ಹತ್ತೂವರೆ ಓವರ್‌ನಲ್ಲಿ 114 ಹೊಡೆದರು, ವಿಕೆಟ್ಟೇ ಬಿದ್ದಿರಲಿಲ್ಲ. ನೀನು ಆಗಲೇ ಪಟಾಕಿ ತರೋಕೆ ಕಕ್ಕೆಹೊಳೆ ಜಂಕ್ಷನ್‌ಗೆ ಹೊರಟಿದ್ದೆ. ಎಂಟು ರನ್‌ಗೆ ಸೋತೆವು. ಆ ರಾತ್ರಿ ಊರಲ್ಲಿ ಯಾರೂ ಟಿವಿ ಮುರಿಯಲಿಲ್ಲ, ಯಾರೂ ಬೈಯಲಿಲ್ಲ. ಸಾವಿನ ಮನೆಯಿಂದ ಹೋಗುವಂತೆ ಎಲ್ಲರೂ ಹೇಳದೆ ಕೇಳದೆ ಮನೆಗೆ ಹೋದರು. ಅದನ್ನು ನೋಡಿದವನಿಗೂ ಹೈಲೈಟ್ಸ್ ನೋಡಿ ತಿಳಿದುಕೊಂಡವನಿಗೂ ವ್ಯತ್ಯಾಸ ಇದೆ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹಳಬರಿಗೆ ಸ್ವಲ್ಪ ಮರ್ಯಾದೆ ಸಲ್ಲಲೇಬೇಕು.

ಆದರೂ ನಾನು ಬೆಂಚಿನವರ ಪರೀಕ್ಷೆಗೆ ಸೇರೋದಿಲ್ಲ. ಕಾರಣ ನಮ್ಮ ಮನೆಯಲ್ಲೇ ಇದೆ.

ಅಕ್ಕನ ಮಗಳು ನಿನಗೆ ಗೊತ್ತಲ್ಲ, ನಿನ್ನ ಹೆಗಲ ಮೇಲೆ ಕೂತು ದಸರಾ ಮಂಟಪ ನೋಡಿದವಳು. ಈಗ ಹೈಸ್ಕೂಲು. ಅವಳು ಆರ್‌ಸಿಬಿ ಹಿಡಿದದ್ದು 2024ರ ಮಾರ್ಚ್ 17ಕ್ಕೆ. ಮಹಿಳೆಯರ ಲೀಗಿನ ಫೈನಲ್‌ನಲ್ಲಿ ಸ್ಮೃತಿ ಮಂಧಾನಾಳ ಆರ್‌ಸಿಬಿ ಹುಡುಗಿಯರು ದೆಹಲಿಯಲ್ಲಿ ದೆಹಲಿಯನ್ನೇ ಸೋಲಿಸಿ ಕಪ್ ಎತ್ತಿದ ರಾತ್ರಿ. ಸೋಫಿ ಮೊಲಿನೂ ಒಂದೇ ಓವರ್‌ನಲ್ಲಿ ಮೂರು ವಿಕೆಟ್ ತೆಗೆದಳು. ಶ್ರೇಯಾಂಕಾ ಪಾಟೀಲ್‌ಗೆ ನಾಲ್ಕು ವಿಕೆಟ್, ಕೊಟ್ಟದ್ದು 12 ರನ್. ಮರುದಿನದಿಂದ ನಮ್ಮ ಹುಡುಗಿ ಅಂಗಳದಲ್ಲಿ ಆಫ್ ಸ್ಪಿನ್ ಹಾಕೋಕೆ ಶುರು ಮಾಡಿದಳು. ಅಮ್ಮನ ಹೂಕುಂಡ ಎರಡು ಹೋದವು. ಅವಳ ಲೆಕ್ಕದಲ್ಲಿ ಆರ್‌ಸಿಬಿ ಅಂದರೆ ಗೆಲ್ಲುವ ತಂಡ. ಬೇರೆ ಆರ್‌ಸಿಬಿ ಅವಳಿಗೆ ಗೊತ್ತೇ ಇಲ್ಲ. ಬೆಂಚಿನವರ ಪ್ರಕಾರ ಅದು ಲೆಕ್ಕಕ್ಕಿಲ್ಲದ ಕಪ್ಪು. ನನಗೆ ಅವರ ಮೇಲೆ ನಿಜವಾಗಿ ಬೇಸರ ಆಗೋದು ಅಲ್ಲಿ. ಹದಿನಾರು ವರ್ಷ ಗಂಡಸರ ಕೈಗೆ ಬರದಿದ್ದ ಕಪ್ಪನ್ನು ಆ ಹುಡುಗಿಯರು ಎರಡನೇ ಸೀಸನ್ನಿಗೇ ತಂದರು. ಅದನ್ನು ಲೆಕ್ಕಕ್ಕೆ ಹಿಡಿಯದವನು ಹಳೇ ಫ್ಯಾನ್ ಅಂತ ಎದೆ ತಟ್ಟಿಕೊಳ್ಳೋದು ಸರಿಯಲ್ಲ.

2025ರ ಜೂನ್ 3ರ ರಾತ್ರಿ, ಗಂಡಸರ ಐಪಿಎಲ್ ಫೈನಲ್, ಅವಳು ನನ್ನ ಪಕ್ಕದಲ್ಲಿದ್ದಳು. ಆ ವರ್ಷ ಮೇ ಕೊನೆಗೇ ಮಳೆ ಜೋರಾಗಿತ್ತು. ಕರೆಂಟ್ ಇರಲಿಲ್ಲ. ಮೊಬೈಲಿಗೆ ನೆಟ್‌ವರ್ಕ್ ಸಿಗೋದು ಗೋಡೌನಿನ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲೇ ಕುರ್ಚಿ ಹಾಕಿ, ಕಂಬಳಿ ಹೊದ್ದು ಕೂತೆವು. ನಮ್ಮದು 190. ಕೃಣಾಲ್ ಪಾಂಡ್ಯ ನಾಲ್ಕು ಓವರ್‌ನಲ್ಲಿ ಬರೀ 17 ಕೊಟ್ಟು ಎರಡು ವಿಕೆಟ್ ತೆಗೆದ. ಕೊನೆಯ ಓವರ್‌ಗೆ ಪಂಜಾಬಿಗೆ ಬೇಕಿದ್ದದ್ದು 29. ಹೇಜಲ್‌ವುಡ್‌ನ ಮೊದಲ ಎರಡು ಬಾಲಿಗೆ ರನ್ನೇ ಇಲ್ಲ. ನಾಲ್ಕು ಬಾಲಿಗೆ 29. ಕೊಹ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಹುಡುಗಿ ಕುಣಿಯೋಕೆ ಶುರು ಮಾಡಿದ್ದಳು. ನಾನು ಮಾತ್ರ ಮಳೆಯಲ್ಲಿ ಬೆವರುತ್ತಾ ಕೂತಿದ್ದೆ. ನೋ ಬಾಲ್ ಬಿದ್ದರೆ? ಇನ್ನೊಂದು ನೋ ಬಾಲ್ ಬಿದ್ದರೆ? ಶಶಾಂಕ್ ಸಿಂಗ್ ಉಳಿದ ನಾಲ್ಕು ಬಾಲಿಗೆ 22 ಹೊಡೆದ. ಅವಳು ನನ್ನ ಮುಖ ನೋಡಿ ಕೇಳಿದಳು: 'ಮಾವ, ಗೆಲ್ಲುವಾಗಲೂ ಯಾಕೆ ಇಷ್ಟು ಹೆದರ್ತೀರಿ?'

ಗೆದ್ದದ್ದು ಆರು ರನ್‌ನಿಂದ. 2009ರಲ್ಲಿ ಸೋತದ್ದೂ ಅಷ್ಟೇ ರನ್‌ನಿಂದ. ಇದನ್ನು ಹೇಳೋಕೆ ಆ ಜಗಲಿಯಲ್ಲಿ ನನಗೆ ಯಾರೂ ಇರಲಿಲ್ಲ. ಅವಳಿಗೆ ಹೇಳಿದೆ. 'ಓ, ಹೌದಾ' ಅಂದಳು. ಅವಳ ತಪ್ಪೇನಿಲ್ಲ. ಎಬಿ ಡಿವಿಲಿಯರ್ಸ್, ಗೇಲ್ ಇಬ್ಬರೂ ಗ್ರೌಂಡಿಗೆ ಇಳಿದು ಬಂದಾಗ 'ಇವರ್ಯಾರು ಮಾವ, ಇವರೂ ಆಡ್ತಾ ಇದ್ರಾ?' ಅಂತ ಕೇಳಿದಳು. ಹೇಳೋಕೆ ಹೊರಟೆ. ಗಂಟಲು ಕಟ್ಟಿತು.

ಮರುದಿನ ಸಂಜೆಯದು ನಿನಗೆ ಗೊತ್ತು. ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಹೋದರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. 2008ರಲ್ಲಿ ಹುಟ್ಟೇ ಇರದ ಮಗುವೂ ಇತ್ತು. ಆ ರಾತ್ರಿ ಬೆಂಚಿನವರು ಸೇರಿದ್ದರು. ಯಾರೂ ಮಾತಾಡಲಿಲ್ಲ. ನನ್ನ ತಲೆಯಲ್ಲಿ ಒಂದೇ ಓಡುತ್ತಿತ್ತು. ನಮ್ಮ ಹುಡುಗಿ ಬೆಂಗಳೂರಲ್ಲಿ ಓದುತ್ತಿದ್ದರೆ ಅವಳೂ ಆವತ್ತು ಅಲ್ಲೇ ಇರುತ್ತಿದ್ದಳು. ಹಾಕಿಕೊಂಡಿದ್ದ ಜೆರ್ಸಿ ಹಳೇದೋ ಹೊಸದೋ ಅಂತ ಆ ಮಕ್ಕಳನ್ನು ಯಾರಾದರೂ ಕೇಳೋಕಾಗುತ್ತಾ? ಅಂದಿನಿಂದ ನನಗೆ 'ಯಾವಾಗಿಂದ ಫ್ಯಾನ್ ನೀನು' ಅನ್ನೋ ಪ್ರಶ್ನೆ ಬಾಯಿಗೇ ಬರುವುದಿಲ್ಲ. ಬೆಂಚಿನವರು ಎರಡು ತಿಂಗಳು ಸುಮ್ಮನಿದ್ದು ಮತ್ತೆ ಶುರು ಮಾಡಿಕೊಂಡರು. ಅವರನ್ನು ದೂರುವುದಿಲ್ಲ. ಅವರಿಗೂ ನೋವಿದೆ.

ನನಗೆ ಈ ವಿಷಯದಲ್ಲಿ ನೆನಪಾಗುವುದು 2021ರ ಆಗಸ್ಟ್ 5ರ ಬೆಳಿಗ್ಗೆ. ನೀನು ಆಗ ಅಲ್ಲಿದ್ದೆ, ನೋಡಿಲ್ಲ. ಟೋಕಿಯೊ ಒಲಿಂಪಿಕ್ಸ್, ಜರ್ಮನಿ ಮೇಲೆ 5-4. ಕೊನೆಯ ಕ್ಷಣದ ಪೆನಾಲ್ಟಿ ಕಾರ್ನರ್ ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದದ್ದು. 1980ರ ನಂತರ ಹಾಕಿಯಲ್ಲಿ ಮೊದಲ ಪದಕ. ನಮ್ಮೂರಲ್ಲಿ ಹಾಕಿ ಅಂದರೆ ಏನು ಅಂತ ನಿನಗೆ ಹೇಳಬೇಕಾಗಿಲ್ಲ. ಎಂ.ಪಿ. ಗಣೇಶ್, ಗೋವಿಂದ, ಸೋಮಯ್ಯ ಇವರ ಹೆಸರು ಕೇಳಿಕೊಂಡೇ ಬೆಳೆದವರು ನಾವು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡ ಒಂದೂ ಮ್ಯಾಚ್ ಗೆಲ್ಲದೆ 12ನೇ ಸ್ಥಾನಕ್ಕೆ, ಅಂದರೆ ಕಟ್ಟಕಡೆಗೆ ಬಂತು. ಆ ತಂಡದಲ್ಲಿ ನಮ್ಮ ಪೇಟೆಯ ಎಸ್.ವಿ. ಸುನಿಲ್ ಇದ್ದ, ರಘುನಾಥ್ ಇದ್ದ. ಆಗಲೂ ಪ್ರತಿ ಮ್ಯಾಚನ್ನು ಬಿಡದೆ ನೋಡಿದ ಹಿರಿಯರು ಇಲ್ಲಿದ್ದಾರೆ. ಟೋಕಿಯೊ ಬರುವ ಹೊತ್ತಿಗೆ ತಂಡದಲ್ಲಿ ಸುನಿಲ್ ಇಲ್ಲ, ಕೊಡಗಿನ ಆಟಗಾರರು ಒಬ್ಬರೂ ಇಲ್ಲ. ಆವತ್ತು ಅಂಗಡಿ ತುಂಬಾ ಹೊಸಬರು. ಪೆನಾಲ್ಟಿ ಕಾರ್ನರ್ ಅಂದರೇನು ಅಂತ ಗೊತ್ತಿಲ್ಲದವರು ಎದ್ದು ಕೂಗುತ್ತಿದ್ದರು. ನಮ್ಮ ಹಳೇ ಪಿಟಿ ಮೇಷ್ಟ್ರು ಕೂತಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಟೇಬಲ್ ಮೇಲೆ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಇಟ್ಟು, ಬಾಲ್ ಯಾರು ತಳ್ಳುತ್ತಾರೆ, ಯಾರು ನಿಲ್ಲಿಸುತ್ತಾರೆ, ಯಾರು ಹೊಡೆಯುತ್ತಾರೆ ಅಂತ ಒಬ್ಬೊಬ್ಬರಿಗೆ ತೋರಿಸುತ್ತಿದ್ದರು. ಮುಖ ನೋಡಬೇಕಿತ್ತು ನೀನು. ಜೀವನವಿಡೀ ಇವರಿಗಾಗಿಯೇ ಕಾಯುತ್ತಿದ್ದ ಹಾಗೆ.

ಹಾಕಿಯವರಿಗೆ ಅದು ರೂಢಿ ಇರಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ಕುಟುಂಬ. 2025ರಲ್ಲಿ ಮಡಿಕೇರಿಯಲ್ಲಿ 396. ಆಮೇಲೆ ಸೇರಿದವರನ್ನು ಬಾಲ ಹಿಡಿದು ಬಂದವರು ಅಂತ ಯಾರಾದರೂ ಅಂದಿದ್ದರೆ ಹಬ್ಬ ಕರಡದಲ್ಲೇ ಮುಗಿಯುತ್ತಿತ್ತು.

ಮೇಷ್ಟ್ರಿಗೆ ಬಂದ ಆ ಸಂತೋಷ ನನಗೆ ಜೂನ್ 3ರ ರಾತ್ರಿ ಯಾಕೆ ಬರಲಿಲ್ಲ? ತಿಂಗಳುಗಟ್ಟಲೆ ಯೋಚನೆ ಮಾಡಿದ್ದೇನೆ. ಪಕ್ಕದಲ್ಲಿ ಕುಣಿಯುವ ಮಗು ಇತ್ತು. ಕಪ್ ಬಂದಿತ್ತು. ಆದರೂ ಕುಯ್ಲು ಮುಗಿದು ಆಳುಗಳೆಲ್ಲ ಹೋದ ಮೇಲೆ ಲೈನ್ ಮನೆಯ ಮುಂದೆ ನಿಂತಾಗ ಆಗುತ್ತದಲ್ಲ, ಅಂಥದ್ದೇನೋ ಒಂದು. ಮೊದಲು ನಾನೂ ಹೊಸಬರಿಂದ ಹೀಗಾಯಿತು ಅಂದುಕೊಂಡೆ. ಅವರು ನಮ್ಮಿಂದ ಏನೂ ಕಿತ್ತುಕೊಂಡಿಲ್ಲ ಮಾರಾಯ. ಕೊರತೆ ಇದ್ದದ್ದು ಬೇರೆ ಕಡೆ.

ನೀನು ಮಸ್ಕತ್ತಿಗೆ ಹೋದ ಮೇಲೆ ನಾವು ಮಾತಾಡಿದ್ದೆಲ್ಲ ಸೋತ ರಾತ್ರಿಗಳಲ್ಲಿ. ಗೆದ್ದರೆ ಮೆಸೇಜು, ಸೋತರೆ ಫೋನು. ನಾವು ಹೀಗೆ ಅಂತ ಮಾತಾಡಿಕೊಂಡದ್ದಲ್ಲ, ತಾನಾಗಿ ಆದದ್ದು. ಆರ್‌ಸಿಬಿ ಧಾರಾಳವಾಗಿ ಸೋಲುತ್ತಿತ್ತು, ನಾವು ಧಾರಾಳವಾಗಿ ಮಾತಾಡುತ್ತಿದ್ದೆವು. ಯಾಕೆ ಆ ಬೌಲರ್‌ಗೆ 19ನೇ ಓವರ್ ಕೊಟ್ಟರು ಅಂತ ಶುರುವಾಗಿ, ನಿನ್ನ ರೂಮಿನ ಎಸಿ, ನನ್ನ ಮೆಣಸಿನ ಬಳ್ಳಿಯ ರೋಗ, ನಿನ್ನ ಅಮ್ಮನ ಮಂಡಿನೋವು, ಎಲ್ಲ ಬರುತ್ತಿತ್ತು. ಮ್ಯಾಚಿನ ಹೆಸರು ಹೇಳಿಕೊಂಡು ಬರುತ್ತಿತ್ತು.

2017ರ ಏಪ್ರಿಲ್ 23 ನೆನಪಿದೆಯಾ? ಈಡನ್ ಗಾರ್ಡನ್ಸ್‌ನಲ್ಲಿ ಕೆಕೆಆರ್ 131ಕ್ಕೆ ಆಲೌಟ್. ನಮ್ಮವರು 49ಕ್ಕೆ. ಹತ್ತು ಓವರ್ ಕೂಡ ಆಡಲಿಲ್ಲ. ಒಬ್ಬನೂ ಎರಡಂಕಿ ಮುಟ್ಟಲಿಲ್ಲ. ಆವತ್ತು ನಾನು ಮೈಸೂರಿನ ಒಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ಅಪ್ಪ ಒಳಗಿದ್ದರು. ಇನ್ನು ಹೆಚ್ಚು ದಿನ ಇಲ್ಲ ಅಂತ ಆ ಸಂಜೆಯೇ ಹೇಳಿದ್ದರು. ನಿನ್ನ ಫೋನ್ ಬಂತು. ನಿನಗೆ ಎಲ್ಲ ಗೊತ್ತಿತ್ತು. ನೀನು ಅಪ್ಪನ ವಿಷಯ ಎತ್ತಲೇ ಇಲ್ಲ. '49 ಅಂತೆ ಮಾರಾಯ, 49!' ಅಂದೆ. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಇದ್ದೂ 49. ನಾವು ಅದನ್ನೇ ಹೇಳಿಕೊಂಡು ಬಹಳ ಹೊತ್ತು ಮಾತಾಡಿದೆವು. ಮಧ್ಯೆ ನಾನು ಅತ್ತೆ. ನೀನು 49ರ ಬಗ್ಗೆ ಮಾತು ನಿಲ್ಲಿಸಲಿಲ್ಲ. ನಾನು 49ಕ್ಕೇ ಅಳುತ್ತಿದ್ದೇನೆ ಅನ್ನೋ ಹಾಗೆ ನಡೆದುಕೊಂಡೆ. ಅದು ನನಗೆ ಎಷ್ಟು ದೊಡ್ಡ ಉಪಕಾರ ಅಂತ ನಿನಗೆ ಇವತ್ತಿನವರೆಗೂ ಹೇಳಿಲ್ಲ. ಅಪ್ಪ ಹೋದ ಮೇಲೆ ಬಂದವರೆಲ್ಲ ಸಮಾಧಾನ ಹೇಳಿದರು. ನನಗೆ ನೆನಪಿರುವುದು ಆ ಫೋನು ಒಂದೇ.

ಜೂನ್ 3ರ ರಾತ್ರಿ ನಿನ್ನಿಂದ ಒಂದು ಕಪ್ಪಿನ ಚಿತ್ರ, ಒಂದು ಕೆಂಪು ಹೃದಯ ಬಂತು. ನಾನೂ ಅದನ್ನೇ ಕಳಿಸಿದೆ. ಜೂನ್ 4ರ ರಾತ್ರಿ ಫೋನ್ ಮಾಡುತ್ತೀಯ ಅಂದುಕೊಂಡಿದ್ದೆ. ನಾನೇ ಮಾಡಬಹುದಿತ್ತು. ನಂಬರ್ ತೆಗೆದೆ, ಏನು ಹೇಳಬೇಕೋ ಗೊತ್ತಾಗಲಿಲ್ಲ. ಅದಾದ ಮೇಲೆ ನಾವಿಬ್ಬರೂ ಸರಿಯಾಗಿ ಮಾತಾಡಿಲ್ಲ. ದಸರಾ ಬಂತು, ಕಾವೇರಿ ಸಂಕ್ರಮಣ ಬಂತು, ಪುತ್ತರಿ ಬಂತು. ಪ್ರತಿ ಸಲ ಶುಭಾಶಯದ ಚಿತ್ರ ಬಂತು, ನೀನು ಬರಲಿಲ್ಲ.

ಈಗ ಬೇರೆ ಕಡೆಯಿಂದ ನಿನ್ನ ಒಂದು ಸುದ್ದಿ ಕಿವಿಗೆ ಬಿತ್ತು. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಬೆಂಚಿನವರಿಗೂ ಗೊತ್ತಿಲ್ಲ, ನಾನು ಹೇಳಿಲ್ಲ. ಆದರೆ ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ. ನಿನ್ನ ಹಾಗೆ ಫೋನ್ ಮಾಡಿ '49 ಅಂತೆ ಮಾರಾಯ' ಅನ್ನೋಣ ಅಂದರೆ ನನ್ನ ಹತ್ತಿರ ಒಂದು ಸೋಲೂ ಇಲ್ಲ. ಕ್ರಿಕೆಟ್ಟಿನ ಸೋಲು ಹೇಳುತ್ತಿದ್ದೇನೆ. ಚಾಂಪಿಯನ್ ಆಗಿ ಕೂತಿದ್ದೇವೆ ನಾವು. ಏನು ನೆಪ ಹೇಳಿ ಮಾಡಲಿ?

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಹೊಸ ಫ್ಯಾನ್, ಹಳೇ ಫ್ಯಾನ್ ಅಂತ ಬೆಂಚಿನ ಜಗಳ ಹೇಳಿ ನಿನ್ನನ್ನು ನಗಿಸೋಣ ಅಂತ ಶುರು ಮಾಡಿದ್ದು. ಓದುತ್ತಿರುವ ಬಾಕಿ ಜನ ಕ್ಷಮಿಸಲಿ. ಅಳಿಸೋದಿಲ್ಲ, ಇರಲಿ.

ಈಗ ಒಳ್ಳೆಯ ಸುದ್ದಿ ಹೇಳುತ್ತೇನೆ. ಮನೆಗೆ ಫೈಬರ್ ಕನೆಕ್ಷನ್ ಬಂದಿದೆ, ಹೊಸ ಇನ್ವರ್ಟರ್ ಹಾಕಿಸಿದ್ದೇವೆ. ಇನ್ನು ಮ್ಯಾಚ್ ನೋಡೋಕೆ ಗೋಡೌನಿನ ಜಗಲಿ ಬೇಡ. ಅಕ್ಕನ ಮಗಳು ನಿನಗೆ ಒಂದು ಜೆರ್ಸಿ ತೆಗೆದಿಟ್ಟಿದ್ದಾಳೆ. ಬೆನ್ನ ಮೇಲೆ 18 ಇಲ್ಲ, ಶ್ರೇಯಾಂಕಾ ಹೆಸರಿದೆ. ನಿನ್ನ ಸೈಜಿಗೆ ಆಗುತ್ತಾ ಅಂತ ನನಗೆ ಅನುಮಾನ, ಅವಳಿಗೆ ಇಲ್ಲ. 2016ರ ಫೈನಲ್ ಕಥೆ ಪೂರ್ತಿ ನಿನ್ನ ಬಾಯಲ್ಲೇ ಕೇಳಬೇಕಂತೆ. ನಾನು ಹೇಳಿದರೆ ನಡುವೆ ನಿಲ್ಲಿಸಿಬಿಡುತ್ತೇನಂತೆ. ಪಟಾಕಿ ವಿಷಯ ಆಗಲೇ ಹೇಳಿದ್ದೇನೆ, ಅದನ್ನು ಬಿಟ್ಟು ಶುರು ಮಾಡು.

ಮಾರ್ಚ್ ಕೊನೆಗೆ ರಜೆ ಸಿಕ್ಕರೆ ಬಾ. ರೋಬಸ್ಟಾ ಮುಗಿದಿರುತ್ತದೆ, ನನಗೂ ಬಿಡುವು. ಬರುವಾಗ ಖರ್ಜೂರ ತರಬೇಡ, ಹೋದ ಸಲದ್ದೇ ಇನ್ನೂ ಡಬ್ಬಿಯಲ್ಲಿದೆ. ಅದಕ್ಕೆ ಮೊದಲು ಫೋನ್ ಮಾಡು. ನಮ್ಮ ಟೈಮ್ ಏಳೂವರೆ ಮೇಲೆ ಮಾಡು. ಅದಕ್ಕೆ ಮೊದಲು ಕಣದಲ್ಲಿ ಇರುತ್ತೇನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದಿಗೆ ರಿಂಗ್ ಕೇಳಿಸೋದಿಲ್ಲ.

ನಿನ್ನವ